ಹೊರಗೆ ಒಂದು ಫಲಕ, ಒಳಗೆ ಐದು ತರಗತಿ

ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ, ಒಳಗೆ ಕನ್ನಡ ಕಲಿಸಿದ್ದು ಬೀದರ್ ಜಿಲ್ಲೆಯಲ್ಲಿ ಮನೆಮಾತು. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಸಂಗತಿ ತಪ್ಪದೇ ಬರುತ್ತದೆ. ಅದರೊಳಗಿರುವ ಶಿಕ್ಷಣದ ತಿಳಿವಳಿಕೆಯನ್ನು ಬಿಡಿಸಿ ನೋಡುವವರು ಮಾತ್ರ ಕಡಿಮೆ. ಆ ಫಲಕ ಇದ್ದದ್ದು ಸರ್ಕಾರದ ಕಣ್ಣಿಗೆ. ಪಾಠ ನಡೆದದ್ದು ಮಗುವಿನ ಕಿವಿಗೆ. ಮನೆಯಲ್ಲಿ ಆಡುವ ಮಾತಿನಲ್ಲಿ ಅಕ್ಷರ ಕಲಿಸಿದರಷ್ಟೇ ಅದು ಮಗುವಿಗೆ ದಕ್ಕುತ್ತದೆ ಎಂಬುದನ್ನು ಪಟ್ಟದ್ದೇವರು ಅರಿತಿದ್ದರು. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿಯಿತು, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ಫಲಕ ಕನ್ನಡಕ್ಕೆ ಬಂತು. ಆದರೂ ಅದೇ ಜಿಲ್ಲೆಯ ಗಡಿಯಲ್ಲಿರುವ ಔರಾದ್ ತಾಲ್ಲೂಕಿನ ಹಳ್ಳಿ, ಲಂಬಾಣಿ ತಾಂಡಾಗಳ ಸಾಲಿಯಲ್ಲಿ ಫಲಕಕ್ಕೂ ಒಳಗಿನ ನಿಜಕ್ಕೂ ನಡುವಿನ ಅಂತರ ಬೇರೆ ರೂಪದಲ್ಲಿ ಉಳಿದಿದೆ. ಅಲ್ಲಿ ಪಾಠ ಮಾಡುವುದು ಕಷ್ಟವಾಗಿರುವುದಕ್ಕೆ ದೂರಕ್ಕಿಂತಲೂ ದೊಡ್ಡ ಕಾರಣ, ಶಿಕ್ಷಕರನ್ನು ನಾವು ಲೆಕ್ಕ ಹಾಕುವ ರೀತಿ.

ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಸಾಕು; 61ರಿಂದ 90 ಮಕ್ಕಳಿದ್ದರೆ ಮೂವರು. ಕಾಗದದ ಮೇಲೆ ಇದು 30 ಮಕ್ಕಳಿಗೆ ಒಬ್ಬರು ಎಂಬ ಒಳ್ಳೆಯ ಅನುಪಾತ. ಶಾಲೆಯೊಳಗೆ ಮಾತ್ರ ತರಗತಿಗಳು ಐದು. ಮಕ್ಕಳು 20 ಇದ್ದರೂ ಐದು, 60 ಇದ್ದರೂ ಐದು. ಇಬ್ಬರಲ್ಲಿ ಒಬ್ಬರು ತರಬೇತಿಗೋ ಸಭೆಗೋ ಹೋದ ದಿನ ಉಳಿದವರು ಐದೂ ತರಗತಿ ನೋಡಿಕೊಳ್ಳಬೇಕು. ಜತೆಗೆ ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ವಿತರಣೆ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಹಚ್ಚಬಾರದು ಎಂದು ಅದೇ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಮೇಲಿನ ಕೆಲಸಗಳೆಲ್ಲ ಶಾಲೆಯೊಳಗಿನವೇ ಆದ್ದರಿಂದ ಆ ಕಲಂ ಮಾಸ್ತರರ ನೆರವಿಗೆ ಬರುವುದಿಲ್ಲ.

ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸುವ ನಲಿ-ಕಲಿ ಪದ್ಧತಿ ಈ ಇಕ್ಕಟ್ಟಿಗೆ ಉತ್ತರವಲ್ಲವೇ ಎಂದು ಕೇಳಬಹುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾದ ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಗೋಡೆಯ ಮೇಲಿನ ಕಲಿಕೆಯ ಏಣಿಯಲ್ಲಿ ಮಗು ತನ್ನ ಮೆಟ್ಟಿಲು ಗುರುತಿಸುತ್ತದೆ, ಆ ಮೆಟ್ಟಿಲಿನ ಚಿತ್ರವಿರುವ ಕಾರ್ಡು ಹುಡುಕಿ ತೆಗೆದುಕೊಳ್ಳುತ್ತದೆ, ‘ತಟ್ಟೆ’ ಎಂದು ಕರೆಯುವ ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕರು, ಇನ್ನೊಂದಕ್ಕೆ ಗೆಳೆಯರು, ಕೊನೆಯದು ಸ್ವಕಲಿಕೆ. ಗೆಳೆಯರಿಂದ ಕಲಿಯಲು, ತಾನೇ ಕಲಿಯಲು ಮೊದಲು ಕಾರ್ಡಿನ ಭಾಷೆ ತಿಳಿದಿರಬೇಕು. ಔರಾದಿನಲ್ಲಿ ಮರಾಠಿ ಮನೆಯ ಮಗುವಿಗೂ ಲಂಬಾಣಿ ತಾಂಡಾದ ಮಗುವಿಗೂ ನೀರು ಎಂದರೆ ‘ಪಾಣಿ’. ತಾಯಿ ಒಬ್ಬರಿಗೆ ‘ಆಯಿ’, ಇನ್ನೊಬ್ಬರಿಗೆ ‘ಯಾಡಿ’, ಪಕ್ಕದ ಕನ್ನಡ ಮನೆಯಲ್ಲಿ ‘ಅವ್ವ’. ಕೊಡದ ಚಿತ್ರ ನೋಡಿ ‘ಪಾಣಿ’ ಎಂದ ಮಗು ತಪ್ಪು ಹೇಳಿಲ್ಲ. ಅದನ್ನು ‘ನೀರು’ ಎಂಬ ಪದದ ತನಕ ಕೈಹಿಡಿದು ತರುವವರು ಬೇಕು. ಆ ಮಾತು ಬಾರದ ಮಾಸ್ತರರಿಗೆ ಎಲ್ಲ ತಟ್ಟೆಗಳೂ ಶಿಕ್ಷಕರ ತಟ್ಟೆಗಳೇ ಆಗುತ್ತವೆ.

ಶಿಕ್ಷಕರು ಬೀದರ್ ನಗರದಲ್ಲೋ ಭಾಲ್ಕಿಯಲ್ಲೋ ಮನೆ ಮಾಡಿ ಓಡಾಡುತ್ತಾರೆ, ಹಳ್ಳಿಯಲ್ಲಿ ನಿಲ್ಲುವುದಿಲ್ಲ, ದೋಷ ಅವರದೇ ಎಂಬ ದೂರಿದೆ. ಬಾಡಿಗೆಗೆ ಮನೆ, ಆಸ್ಪತ್ರೆ, ಸ್ವಂತ ಮಕ್ಕಳಿಗೆ ಪ್ರೌಢಶಾಲೆ ಇಲ್ಲದ ಕಡೆ ನಿಲ್ಲಿರೆಂದು ಹೇಳುವುದು ಸುಲಭ. ಔರಾದ್, ಭಾಲ್ಕಿ ಎರಡನ್ನೂ ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿದ್ದು ಇಂಥ ಕೊರತೆಗಳಿಂದಲೇ. ಸಂವಿಧಾನದಲ್ಲಿ 371(ಜೆ) ಕಲಂ ಬಂದ ಮೇಲೆ ಸ್ಥಳೀಯರೇ ನೇಮಕವಾಗುತ್ತಾರಲ್ಲ ಎಂಬುದು ಇನ್ನೊಂದು ವಾದ. ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 80ರಷ್ಟು ಈ ಭಾಗದವರಿಗೆ ಮೀಸಲಾದದ್ದು ದೊಡ್ಡ ನ್ಯಾಯ, ಅದನ್ನು ಕಳೆದುಕೊಳ್ಳಬಾರದು. ಆದರೆ ಕಾನೂನಿನ ಲೆಕ್ಕದಲ್ಲಿ ಇದೇ ಭಾಗಕ್ಕೆ ಸೇರಿದ ಬಳ್ಳಾರಿಯವರೂ ಔರಾದಿಗೆ ಸ್ಥಳೀಯರು. ಮರಾಠಿಯನ್ನಾಗಲಿ ಲಂಬಾಣಿಯನ್ನಾಗಲಿ ಕೇಳಿಯೇ ಇರದ ಶಿಕ್ಷಕರು ಮಗುವಿನ ಪಾಲಿಗೆ ಸ್ಥಳೀಯರಾಗುವುದು ಹೇಗೆ?

ಮಕ್ಕಳು ಕಡಿಮೆಯಾದ ಶಾಲೆಗಳನ್ನು ಒಂದುಗೂಡಿಸಿ ಎನ್ನುವವರು ಆರು ವರ್ಷದ ಮಗು ಮಳೆಗಾಲದಲ್ಲಿ ತಾಂಡಾದಿಂದ ನಡೆಯಬೇಕಾದ ದಾರಿಯನ್ನು ನೆನೆಯಲಿ. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕೆಂಬ ನಿಯಮ ಆ ಮಗುವಿಗಾಗಿಯೇ ಬಂದದ್ದು. ಗಡಿಯಲ್ಲಿ ಮರಾಠಿ ಬಲ್ಲ ಶಿಕ್ಷಕರಿಂದ ಕನ್ನಡ ಸೊರಗುತ್ತದೆ ಎಂಬ ಆತಂಕಕ್ಕೆ ಭಾಲ್ಕಿಯ ಮಠವೇ ಉತ್ತರ ಕೊಟ್ಟಿದೆ. ಮಗುವಿನ ಮಾತನ್ನು ಗೌರವಿಸಿದ್ದರಿಂದಲೇ ಅಲ್ಲಿ ಕನ್ನಡ ಉಳಿಯಿತು. ಇಂದು ಮರಾಠಿ, ಲಂಬಾಣಿ ಮಗುವಿಗೂ ಅದೇ ಗೌರವ ಸಿಕ್ಕರೆ ಆ ಮಗು ಕನ್ನಡಕ್ಕೆ ಬೇಗ ಬರುತ್ತದೆ, ಪ್ರೀತಿಯಿಂದ ಬರುತ್ತದೆ.

ಹೀಗಾಗಿ ಗಡಿ ತಾಲ್ಲೂಕುಗಳ ಕಿರಿಯ ಪ್ರಾಥಮಿಕ ಶಾಲೆಗೆ, ಮಕ್ಕಳು ಎಷ್ಟೇ ಇರಲಿ, ಕನಿಷ್ಠ ಮೂವರು ಶಿಕ್ಷಕರು ಬೇಕು. ಅವರಲ್ಲಿ ಒಬ್ಬರಿಗಾದರೂ ಆ ಊರಿನ ಮನೆಮಾತು ಬರಬೇಕು. ಬಾರದವರಿಗೆ ಸೇವೆಗೆ ಸೇರುವ ಮುನ್ನ ಕಲಿಸಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗುವ ತಂದೆ ತಾಯಂದಿರಲ್ಲಿ ಒಂದು ಕೋರಿಕೆ. ಮಕ್ಕಳೆಷ್ಟು, ಮಾಸ್ತರರೆಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ತರಗತಿ ಎಷ್ಟು, ನಮ್ಮ ಮಕ್ಕಳ ಮಾತು ಯಾರಿಗೆ ಬರುತ್ತದೆ ಎಂದೂ ಕೇಳಿ.