ಮಾತ್ರೆ ಇಳಿದಾಗ ಏಳುವ ಸೊಂಟನೋವು

ಪಾರ್ಕಿನ್ಸನ್ಸ್ ಅಂದರೆ ಕೈ ನಡುಕ ಎಂದೇ ಎಲ್ಲರ ಎಣಿಕೆ. ಕಾಯಿಲೆಯವರನ್ನು ಮಾತಿಗೆಳೆದರೆ ಬಹಳ ಮಂದಿ ಮೊದಲು ಹೇಳಿಕೊಳ್ಳುವುದು ಸೊಂಟನೋವನ್ನು. ಕೈ ನಡುಗುವ ಮೊದಲೇ ಭುಜವನ್ನೋ ಸೊಂಟವನ್ನೋ ಹಿಡಿದುಕೊಂಡು ಮೂಳೆ ಡಾಕ್ಟರ ಹತ್ತಿರ ಅಲೆದವರೂ ಉಂಟು. ‘ವಯಸ್ಸಾಯ್ತಲ್ಲ’ ಎಂಬ ಸಮಾಧಾನ, ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಸವೆದಿದೆ’ ಎಂಬ ಒಕ್ಕಣೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಅರವತ್ತು ದಾಟಿದ ಮೇಲೆ ನೋವಿಲ್ಲದವರ ಡಿಸ್ಕೂ ಸಾಮಾನ್ಯವಾಗಿ ಸವೆದೇ ಇರುತ್ತದೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದಾಗಲೇ, ನಡುಕದ ಜೊತೆಗೆ ಮೈ ಮುಂದಕ್ಕೆ ಬಾಗುವುದನ್ನೂ ಗುರುತಿಸಿದ್ದ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಂತೆ ಬೆನ್ನಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ರಾತ್ರಿ ಮಗ್ಗುಲು ಬದಲಿಸುವಾಗ ನೋಡಬೇಕು: ಭುಜ, ಸೊಂಟ ಒಂದರ ಹಿಂದೊಂದು ತಿರುಗುವುದಿಲ್ಲ, ಇಡೀ ಮೈ ಕೊರಡಿನ ಹಾಗೆ ಒಟ್ಟಿಗೇ ಉರುಳಬೇಕು. ಸಾಲದ್ದಕ್ಕೆ, ನೋವನ್ನು ತಗ್ಗಿಸುವ ಕೆಲಸದಲ್ಲೂ ಡೋಪಮಿನ್‌ಗೆ ಪಾಲಿದೆ.

ಕೆಲವರು ಎದ್ದು ನಿಂತರೆ ಬೆನ್ನು ಎಷ್ಟು ಬಾಗುತ್ತದೆಂದರೆ ಕಣ್ಣಿಗೆ ನೆಲ ಬಿಟ್ಟು ಬೇರೇನೂ ಬೀಳದು. ಅದೇ ಮನುಷ್ಯ ಚಾಪೆಯ ಮೇಲೆ ಅಂಗಾತ ಮಲಗಿದರೆ ಬೆನ್ನು ನೆಟ್ಟಗಾಗುತ್ತದೆ! ಇದು ಕ್ಯಾಂಪ್ಟೊಕಾರ್ಮಿಯ. ಪಕ್ಕಕ್ಕೆ ವಾಲಿದರೆ ಪೀಸಾ ಸಿಂಡ್ರೋಮ್. ಇಟಲಿಯ ಓರೆ ಗೋಪುರದ ಹೆಸರು. ವೈದ್ಯರ ಈ ತಮಾಷೆ ವಾಲಿದವರಿಗೆ ನಗು ತರಿಸಲಿಕ್ಕಿಲ್ಲ.

ನನ್ನ ಮಟ್ಟಿಗೆ, ಸ್ಕ್ಯಾನಿಂಗ್‌ಗೆ ದುಡ್ಡು ಕಟ್ಟುವ ಮೊದಲು ಮನೆಯವರು ಒಂದು ನೋಟ್‌ಬುಕ್ ಕೊಳ್ಳಬೇಕು. ನೋವು ಎಷ್ಟು ಹೊತ್ತಿಗೆ ಬಂತು, ಡೋಪಮಿನ್ ಕೊರತೆ ತುಂಬುವ ಲೆವೊಡೋಪ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ದು, ಇಷ್ಟೇ ಬರೆದರೆ ಸಾಕು. ನಸುಕಿನಲ್ಲಿ ಹಿಂಡಿ, ಬೆಳಗಿನ ಮಾತ್ರೆ ಹಿಡಿದ ಮೇಲೆ ಸಡಿಲುವ ನೋವಾದರೆ ಔಷಧದ ಪ್ರಮಾಣ, ಹೊತ್ತು ಬದಲಿಸುವುದರಲ್ಲೇ ಪರಿಹಾರ ಸಿಗಬಹುದು. ಅದನ್ನು ನಿರ್ಧರಿಸಬೇಕಾದವರು ನರರೋಗ ತಜ್ಞರು. ಮಾತ್ರೆಯ ಜೊತೆಗೇ ಮೊಟ್ಟೆ, ಪನೀರ್, ಗಟ್ಟಿಬೇಳೆ ತಿಂದರೆ ಪ್ರೋಟೀನ್ ಅಡ್ಡ ಬಂದು ಔಷಧ ಮಿದುಳಿಗೆ ಸರಿಯಾಗಿ ತಲುಪದಿರಬಹುದು. ಬೆನ್ನು ಚಾಚುವ, ಸೊಂಟ ತಿರುಗಿಸುವ ಫಿಸಿಯೋಥೆರಪಿಯನ್ನು ಮಾತ್ರೆಯ ಬಲ ಇರುವ ಹೊತ್ತಿನಲ್ಲೇ ಮಾಡಿಸಬೇಕು. ಬೆನ್ನುಮೂಳೆಯ ಆಪರೇಷನ್‌ಗೆ ಆತುರ ಬೇಡ. ಪಾರ್ಕಿನ್ಸನ್ಸ್ ಇದ್ದವರಲ್ಲಿ ಅದರ ತೊಡಕುಗಳೂ ಮತ್ತೆ ಆಪರೇಷನ್ ಮಾಡಿಸಬೇಕಾದ ಸಂಭವವೂ ಹೆಚ್ಚು.

ಹಾಗಂತ ಪ್ರತಿ ನೋವನ್ನೂ ಪಾರ್ಕಿನ್ಸನ್ಸ್ ತಲೆಗೆ ಕಟ್ಟುವುದೂ ತಪ್ಪು. ಇವರು ಬೀಳುವುದು ಹೆಚ್ಚು, ಮೂಳೆಯೂ ಟೊಳ್ಳು. ಬಿದ್ದ ಮೇಲೆ ಶುರುವಾದ ನೋವಿಗೆ ಎಕ್ಸ್‌ರೇ ಬೇಕೇ ಬೇಕು. ಇದ್ದಕ್ಕಿದ್ದಂತೆ ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ನೋಟ್‌ಬುಕ್ ಬದಿಗಿಟ್ಟು ಆಗಲೇ ಆಸ್ಪತ್ರೆಗೆ ಹೊರಡಬೇಕು.