ಹಿಟ್ಟಿನ ಹುಂಜ, ರಟ್ಟಿನ ಸೈನ್ಯ
ಮನೆಯೊಳಗೆ ಬಂದ ಯುದ್ಧದಾಟವನ್ನು ಶ್ರಾವಕರು ಹೇಗೆ ನೋಡಬೇಕು?

ಪುಣೆ, ಬೆಂಗಳೂರು, ಹೈದರಾಬಾದುಗಳಿಗೆ ಓದಲು ಹೋದ ಮಕ್ಕಳು ರಜೆಗೆ ಊರಿಗೆ ಬರುವಾಗ ಬಟ್ಟೆ, ಪುಸ್ತಕಗಳ ಜೊತೆಗೆ ಈಗೀಗ ಒಂದು ದೊಡ್ಡ ಪೆಟ್ಟಿಗೆಯನ್ನೂ ತರುವುದುಂಟು. ಬಿಚ್ಚಿದರೆ ಒಳಗೆ ಕೋಟೆ, ನದಿ, ಬೆಟ್ಟಗಳನ್ನು ಬರೆದ ಬಣ್ಣದ ಹಾಸು. ಸೈನ್ಯದ ಗುರುತುಳ್ಳ ರಟ್ಟಿನ ಬಿಲ್ಲೆಗಳು. ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು. ಊಟ ಮುಗಿದ ಮೇಲೆ ಅಣ್ಣ ತಮ್ಮ, ಸೋದರತ್ತೆಯ ಮಕ್ಕಳು ಎಲ್ಲರೂ ಸುತ್ತ ಕೂಡುತ್ತಾರೆ. ಆಗ ಮನೆಯ ಹಿರಿಯರಿಗೆ ಎರಡು ಪ್ರಶ್ನೆಗಳು ಏಳುವುದು ಸಹಜ. ದಾಳ ಬಂತೆಂದರೆ ಅದು ಜೂಜಲ್ಲವೇ? ಯುದ್ಧದ ಆಟವೆಂದರೆ ಅದು ಹಿಂಸೆಯಲ್ಲವೇ?

ಇವು ಹಳೆಯ ಕಾಲದ ಪ್ರಶ್ನೆಗಳೆಂದು ನಕ್ಕು ತಳ್ಳಿಹಾಕುವಂಥವಲ್ಲ. ಹಾಗೆಂದು ಪೆಟ್ಟಿಗೆಯನ್ನು ನೋಡಿದೊಡನೆ ಮುಚ್ಚಿಸುವುದೂ ವಿವೇಕವಲ್ಲ. ವಸ್ತುವನ್ನು ತಿಳಿಯದೆ ಬೆಲೆ ಕಟ್ಟುವುದು ವ್ಯಾಪಾರಸ್ಥರ ಪದ್ಧತಿಯಲ್ಲ. ಮೊದಲು ಈ ಆಟ ಎಂಥದು, ಎಲ್ಲಿಂದ ಬಂತು ಎಂಬುದನ್ನು ನೋಡೋಣ.

ಕಥೆಯ ಆಟಕ್ಕೆ ಯುದ್ಧದ ಹಾಸು

ಇದರಲ್ಲಿ ಎರಡು ಬಗೆಯ ಆಟಗಳು ಕೂಡಿಕೊಂಡಿವೆ. ಮೊದಲನೆಯದು ಪಾತ್ರ ವಹಿಸಿ ಆಡುವ ಕಥೆಯ ಆಟ. ನಾಲ್ಕಾರು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಅವರಲ್ಲಿ ಒಬ್ಬರು ಸೂತ್ರಧಾರರು. ಉಳಿದವರಿಗೆ ಒಂದೊಂದು ಪಾತ್ರ. ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ವೈದ್ಯೆ, ಹೀಗೆ. ಸೂತ್ರಧಾರರು ಸನ್ನಿವೇಶವನ್ನು ವಿವರಿಸುತ್ತಾರೆ. ಪಾತ್ರಧಾರಿಗಳು ತಾವೇನು ಮಾಡುವೆವೆಂದು ಬಾಯಿಂದ ಹೇಳುತ್ತಾರೆ. ಆಗುವುದೋ ಇಲ್ಲವೋ ಎಂಬ ಸಂದೇಹವಿದ್ದಲ್ಲಿ ದಾಳ ಉರುಳುತ್ತದೆ. ಒಂದೇ ಸಂಜೆಗೆ ಆಟ ಮುಗಿಯುವುದಿಲ್ಲ. ವಾರ ವಾರ ಕೂಡಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಂದೇ ಕಥೆಯನ್ನು ಮುಂದುವರಿಸುತ್ತಾರೆ. ಇದಕ್ಕೆ ಅವರು ‘ಕ್ಯಾಂಪೇನ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಇಂದಿನ ಅಂತ್ಯ ಶಿಲ್ಕು ನಾಳಿನ ಆರಂಭ ಶಿಲ್ಕಾಗಿ ಬರುವಂತೆ, ಒಂದು ವಾರದ ಲಾಭ ನಷ್ಟಗಳೆಲ್ಲ ಮುಂದಿನ ವಾರದ ಕಥೆಗೆ ಎಳೆದುಬರುತ್ತವೆ.

ಈ ಕಥೆಯಲ್ಲಿ ದೊಡ್ಡ ಯುದ್ಧವೊಂದು ಬಂದಾಗ ತೊಡಕಾಗುತ್ತದೆ. ಆಟದ ನಿಯಮಗಳು ನಾಲ್ಕಾರು ಜನರ ಕಾಳಗಕ್ಕೆ ಮಾಡಿದಂಥವು. ಎರಡು ಕಡೆ ಸಾವಿರ ಸಾವಿರ ಸೈನಿಕರು ನಿಂತರೆ ಒಬ್ಬೊಬ್ಬರಿಗೂ ದಾಳ ಹಾಕುತ್ತ ಕೂಡಲು ಸಾಧ್ಯವೇ? ಆದ್ದರಿಂದ ಅಂದಿನ ಮಟ್ಟಿಗೆ ಬೇರೊಂದು ಹಾಸನ್ನು ಬಿಚ್ಚಿ, ಯುದ್ಧವನ್ನು ಅದರ ಮೇಲೆ ಆಡಿ, ಬಂದ ಫಲವನ್ನು ಮತ್ತೆ ಕಥೆಗೆ ಒಯ್ಯುತ್ತಾರೆ. ಇದೇ ಎರಡನೆಯದು, ಯುದ್ಧದ ಹಾಸಿನ ಆಟ. ಮಕ್ಕಳು ತಂದ ಪೆಟ್ಟಿಗೆಯಲ್ಲಿ ಇರುವುದು ಬಹುಮಟ್ಟಿಗೆ ಇಂಥದೇ ಜೋಡಿ.

ತಾಯಿ ಯಾರು, ಮಗಳು ಯಾರು?

ವಿಚಾರಿಸಿ ನೋಡಿದರೆ ಇವೆರಡರಲ್ಲಿ ಯುದ್ಧದ ಆಟವೇ ತಾಯಿ, ಕಥೆಯ ಆಟ ಮಗಳು. 1812ರಲ್ಲಿ ಪ್ರಷ್ಯ ದೇಶದ ರೈಸ್ವಿಟ್ಸ್ ಎಂಬಾತ ತನ್ನ ರಾಜನಿಗೆ ಯುದ್ಧದಾಟದ ಮೇಜೊಂದನ್ನು ಅರ್ಪಿಸಿದ. ಅದನ್ನು ಪರಿಷ್ಕರಿಸಿ 1824ರಲ್ಲಿ ಸೈನ್ಯಾಧಿಕಾರಿಗಳ ತರಬೇತಿಗೆ ಒಗ್ಗಿಸಿದವನು ಆತನ ಮಗ. ಎರಡೂ ಪಕ್ಷಗಳ ಮಾತು ಕೇಳಿ ಫಲವನ್ನು ನಿರ್ಣಯಿಸುವ ಮಧ್ಯಸ್ಥ ಆ ಆಟದಲ್ಲಿಯೇ ಇದ್ದ. ಇಂದಿನ ಸೂತ್ರಧಾರನ ಮೂಲ ಅವನೇ. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ಬರೆದು, ನಿಜವಾದ ಯುದ್ಧಕ್ಕಿಂತ ಇದೇ ಲೇಸೆಂದು ವಾದಿಸಿದ. ಮರುವರ್ಷವೇ ಮೊದಲ ಮಹಾಯುದ್ಧ ಹೊತ್ತಿಕೊಂಡಿತು.

ಮುಂದಿನ ಕಥೆ ಅಮೆರಿಕೆಯದು. 1958ರಲ್ಲಿ ಚಾರ್ಲ್ಸ್ ರಾಬರ್ಟ್ಸ್ ಸ್ಥಾಪಿಸಿದ ಅವಲಾನ್ ಹಿಲ್ ಸಂಸ್ಥೆ ರಟ್ಟಿನ ಬಿಲ್ಲೆಗಳ ಯುದ್ಧದಾಟವನ್ನು ಮನೆಮನೆಗೆ ಮುಟ್ಟಿಸಿತು. ಆರು ಮೂಲೆಯ ಮನೆಗಳುಳ್ಳ ಹಾಸನ್ನು ಬಳಕೆಗೆ ತಂದ ಕೀರ್ತಿಯೂ ಅದರದೇ. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟದ ಪುಸ್ತಕ ತಂದರು. ಅದರ ಕೊನೆಯಲ್ಲಿ ಮಾಂತ್ರಿಕರು, ಬೆಂಕಿ ಉಗುಳುವ ಡ್ರ್ಯಾಗನ್‌ಗಳು ಬರುವ ಒಂದು ಭಾಗವಿತ್ತು. ಮಿನೆಸೋಟದ ಡೇವ್ ಆರ್ನಿಸನ್ ಎಂಬ ಯುವಕ ಆಟವನ್ನು ಬೇರೊಂದು ದಿಕ್ಕಿಗೆ ತಿರುಗಿಸಿದ. ಒಬ್ಬ ಆಟಗಾರನಿಗೆ ಇಡೀ ಸೈನ್ಯದ ಬದಲು ಒಂದೇ ಒಂದು ಪಾತ್ರವನ್ನು ಕೊಟ್ಟು, ಆ ಪಾತ್ರವನ್ನೇ ವಾರದಿಂದ ವಾರಕ್ಕೆ ಬೆಳೆಸಿದ. ಗೈಗ್ಯಾಕ್ಸ್ ಮತ್ತು ಆರ್ನಿಸನ್ ಇಬ್ಬರ ಕೃಷಿಯಿಂದ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂತು.

ವ್ಯಾಪಾರದ ದೃಷ್ಟಿಯಿಂದಲೂ ಈ ಕಥೆ ಗಮನಿಸತಕ್ಕದ್ದು. ಗೈಗ್ಯಾಕ್ಸ್ ವಿಮಾ ಕಚೇರಿಯ ಕೆಲಸ ಕಳೆದುಕೊಂಡು ಮನೆಯಲ್ಲಿ ಚಪ್ಪಲಿ, ಬೂಟು ದುರಸ್ತಿ ಮಾಡುತ್ತಿದ್ದವನು. ಗೆಳೆಯರೊಡನೆ ಕೂಡಿ ಟಿ.ಎಸ್.ಆರ್. ಎಂಬ ಸಣ್ಣ ಸಂಸ್ಥೆ ಕಟ್ಟಿದ. ಮೊದಲು ಮುದ್ರಿಸಿದ್ದು ಒಂದು ಸಾವಿರ ಪ್ರತಿ. ಪೆಟ್ಟಿಗೆಗಳನ್ನು ಕೈಯಿಂದಲೇ ಜೋಡಿಸಿದರು. ಅದೇ ಸಂಸ್ಥೆ ಮುಂದೆ ಬಹಳ ದೊಡ್ಡದಾಗಿ ಬೆಳೆದು, ಅಂಗಡಿಗಳಿಂದ ಮರಳಿ ಬಂದ ಮಾಲಿನ ಹೊರೆ ಮತ್ತು ಸಾಲದಿಂದ ಕುಸಿದು, 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯ ಪಾಲಾಯಿತು. 1999ರಲ್ಲಿ ಆ ಸಂಸ್ಥೆಯನ್ನು ಹ್ಯಾಸ್ಬ್ರೋ ಕೊಂಡಿತು. ಕಳಿಸಿದ ಮಾಲೆಲ್ಲ ಮಾರಾಟವಾದ ಮಾಲಲ್ಲ ಎಂಬ ಪಾಠವನ್ನು ನಮ್ಮ ಪೇಟೆಯವರಿಗೆ ಬೇರೆಯಾಗಿ ಹೇಳಬೇಕಿಲ್ಲ.

ಅದೇ 1974ರ ಪುಸ್ತಕವು, ಕಾಡುಮೇಡಿನ ಪ್ರಯಾಣಕ್ಕೆ ಅವಲಾನ್ ಹಿಲ್‌ನ ‘ಔಟ್‌ಡೋರ್ ಸರ್ವೈವಲ್’ ಎಂಬ ಬೇರೊಂದು ಆಟದ ಹಾಸನ್ನು ಬಳಸಿಕೊಳ್ಳಿರೆಂದು ಆಟಗಾರರಿಗೆ ಸೂಚಿಸಿತ್ತು. ಅಂದರೆ ಕಥೆಯ ಆಟಕ್ಕೆ ಹಾಸಿನ ಆಟದ ನೆರವು ಹುಟ್ಟಿನಿಂದಲೇ ಬಂದದ್ದು. ಮರುವರ್ಷ, 1975ರಲ್ಲಿ, ಗ್ರೆಗ್ ಸ್ಟಾಫರ್ಡ್ ‘ವೈಟ್ ಬೇರ್ ಅಂಡ್ ರೆಡ್ ಮೂನ್’ ಎಂಬ ಯುದ್ಧದಾಟವನ್ನು ಪ್ರಕಟಿಸಲೆಂದೇ ಕೇಯಾಸಿಯಮ್ ಎಂಬ ಸಂಸ್ಥೆ ತೆಗೆದ. ಗ್ಲೊರಾಂಥ ಎಂಬ ಆ ಕಲ್ಪಿತ ಲೋಕವನ್ನು ಆತ 1966ರಿಂದ, ವಿದ್ಯಾರ್ಥಿಯಾಗಿದ್ದಾಗಿನಿಂದ, ಬರೆದುಕೊಂಡು ಬಂದಿದ್ದ. ಹಾಸಿನ ಮೇಲೆ ಆ ಲೋಕದ ಸೈನ್ಯಗಳನ್ನು ನಡೆಸಿದವರಿಗೆ ಅಲ್ಲಿಯ ಜನ ಯಾರು, ಅವರ ದೇವರು ಯಾರು, ಅವರ ಹಬ್ಬವೇನು ಎಂಬ ಕುತೂಹಲ ಹುಟ್ಟಿತು. ಅದೇ ಲೋಕದ ಮೇಲೆ 1978ರಲ್ಲಿ ‘ರೂನ್‌ಕ್ವೆಸ್ಟ್’ ಎಂಬ ಕಥೆಯ ಆಟ ಬೆಳೆಯಿತು. ಬರಿಯ ಬಿಲ್ಲೆಯಾಗಿದ್ದದ್ದು ಮನುಷ್ಯನಾಯಿತು.

ಒಂದೇ ಯುದ್ಧ, ಎರಡು ಆಟ

ನಮ್ಮ ಪ್ರಶ್ನೆಗೆ ಹತ್ತಿರವಾದ ಉದಾಹರಣೆ ‘ಡ್ರ್ಯಾಗನ್‌ಲ್ಯಾನ್ಸ್’ ಎಂಬ ಕಥಾಮಾಲೆ. 1984ರಲ್ಲಿ ಟಿ.ಎಸ್.ಆರ್. ಇದನ್ನು ಆರಂಭಿಸಿತು, ಟ್ರೇಸಿ ಹಿಕ್‌ಮನ್ ಮತ್ತು ಮಾರ್ಗರೆಟ್ ವೈಸ್ ಬರೆದ ಕಾದಂಬರಿಗಳಿಂದ ಹೆಸರು ಬಹಳ ದೂರ ಹಬ್ಬಿತು. ಕ್ರಿನ್ ಎಂಬ ಲೋಕದಲ್ಲಿ ಡ್ರ್ಯಾಗನ್ ಪಡೆಗಳು ನಾಡುಗಳನ್ನು ಒಂದೊಂದಾಗಿ ನುಂಗುತ್ತಿವೆ. ಅವನ್ನು ತಡೆಯಲು ಉಳಿದವರು ಒಂದಾಗಬೇಕು. ಇದು ಕಥೆಯ ತಿರುಳು.

1986ರಲ್ಲಿ ಈ ಮಾಲೆಯ ಹನ್ನೊಂದನೆಯ ಸಂಚಿಕೆಯಾಗಿ ‘ಡ್ರ್ಯಾಗನ್ಸ್ ಆಫ್ ಗ್ಲೋರಿ’ ಬಂತು. ಉಳಿದ ಸಂಚಿಕೆಗಳಂತೆ ಅದು ಕಥೆಯಲ್ಲ, ಇಡೀ ಯುದ್ಧವನ್ನು ಹಾಸಿನ ಮೇಲೆ ಆಡುವ ಆಟ. ಎದುರುಬದುರು ಎರಡು ಪಕ್ಷ: ಒಂದು ಆಕ್ರಮಿಸುವ ಡ್ರ್ಯಾಗನ್ ಒಡೆಯರದು, ಇನ್ನೊಂದು ತಡೆಯುವ ಒಕ್ಕೂಟದ್ದು. ಮೇಜಿನ ಒಂದು ಮಗ್ಗುಲಲ್ಲಿ ಕುಳಿತವರು ನಾಡುಗಳನ್ನು ಗೆಲ್ಲುವ ಬಯಕೆಯನ್ನು ಸ್ವಲ್ಪ ಹೊತ್ತಿಗಾದರೂ ತಮ್ಮದಾಗಿ ಮಾಡಿಕೊಳ್ಳಲೇಬೇಕು.

ಮೂವತ್ತಾರು ವರ್ಷಗಳ ನಂತರ, 2022ರಲ್ಲಿ, ಅದೇ ಯುದ್ಧದ ಮೇಲೆ ಹೊಸ ಕಥಾಪುಸ್ತಕವೂ ಅದಕ್ಕೆ ಜೊತೆಯಾಗಿ ‘ವಾರಿಯರ್ಸ್ ಆಫ್ ಕ್ರಿನ್’ ಎಂಬ ಹಾಸಿನ ಆಟವೂ ಬಂದವು. ಇದನ್ನು ರೂಪಿಸಿದವರು ರಾಬ್ ಡೇವಿಯೋ ಮತ್ತು ಸ್ಟೀಫನ್ ಬೇಕರ್. ಇಲ್ಲಿ ಮೂವರಿಂದ ಐವರು ಆಡಬಹುದು; ಎಲ್ಲರೂ ಒಂದೇ ಪಕ್ಷ. ಕಲಮನ್ ಎಂಬ ನಗರದ ಮೇಲೆ ಕೆಂಪು ಡ್ರ್ಯಾಗನ್ ಪಡೆ ನುಗ್ಗಿ ಬರುತ್ತಿದೆ; ಅದನ್ನು ಕಾಯಬೇಕು. ಶತ್ರುವನ್ನು ನಡೆಸುವುದು ಆಟದ ನಿಯಮವೇ ಹೊರತು ಎದುರು ಕುಳಿತ ತಮ್ಮನಲ್ಲ. ಹಿಂದೆ ಸೈನ್ಯಗಳು ಕಾದುತ್ತಿರುವಾಗ ಮುಂದೆ ಪಾತ್ರಧಾರಿಗಳು ತಮ್ಮ ತಮ್ಮ ಕಾರ್ಯ ಸಾಧಿಸುತ್ತಾರೆ. ಅವರ ಕಾರ್ಯದಿಂದ ಯುದ್ಧದ ಗತಿ ತಿರುಗುತ್ತದೆ. ಕಥೆಯ ಪುಸ್ತಕದಲ್ಲಿ ಯುದ್ಧದ ಘಟ್ಟ ಬಂದಾಗ ಹಾಸನ್ನು ಬಿಚ್ಚಬಹುದು, ಹಾಸಿಲ್ಲದವರು ಕಥೆಯಾಗಿಯೇ ಆಡಿ ಮುಂದುವರಿಯಬಹುದು.

ಇಂಥ ಆಟಗಳ ಬಗ್ಗೆ ಅಮೆರಿಕೆಯ ತಂದೆ ತಾಯಿಗಳಿಗೂ 1980ರ ದಶಕದಲ್ಲಿ ಭಯ ಹುಟ್ಟಿತ್ತು. ಅವರ ಭಯ ಭೂತ ಪಿಶಾಚಿಗಳದು. ವಿರೋಧ ಹೆಚ್ಚಿದ್ದರಿಂದ ಟಿ.ಎಸ್.ಆರ್. 1989ರ ಆವೃತ್ತಿಯಲ್ಲಿ ಪಿಶಾಚಿಗಳನ್ನು ಹೆಸರಿಸುವ ಪದಗಳನ್ನೇ ತೆಗೆದುಹಾಕಿತು. ನಮ್ಮ ಪ್ರಶ್ನೆ ಹೆಸರಿನದಲ್ಲ, ಭಾವದ್ದು. ಪದ ತೆಗೆದುಹಾಕಿದರೆ ಅದು ತೀರುವುದಿಲ್ಲ.

ನಮ್ಮ ತಕ್ಕಡಿಯಲ್ಲಿ

ಮೊದಲು ಜೂಜಿನ ಮಾತು. ಸಪ್ತವ್ಯಸನಗಳಲ್ಲಿ ಮೊದಲನೆಯದೇ ಜೂಜು. ಈ ಆಟಗಳಲ್ಲಿ ಹಣವಿಲ್ಲ, ಪಣವಿಲ್ಲ. ಹಾಸು, ದಾಳಗಳು ಮಾತ್ರ ಇದ್ದರೆ ದೋಷವೆನ್ನಲಾಗದು. ಗುಜರಾತ, ರಾಜಸ್ಥಾನಗಳ ಜೈನ ಮನೆಗಳಲ್ಲಿ 84 ಮನೆಗಳ ಜ್ಞಾನಬಾಜಿಯನ್ನು ಧರ್ಮಬೋಧೆಗೆಂದೇ ಆಡುತ್ತಿದ್ದರು. ಆದರೆ ‘ಪಣವಿಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರ ಧರ್ಮಾಮೃತ’ದಲ್ಲಿ ಪಣವಿಲ್ಲದ ಪಂದ್ಯವನ್ನೂ ದೋಷವೆಂದೇ ಎಣಿಸಿದ್ದಾರೆ. ಕಾರಣವೆಂದರೆ, ಗೆದ್ದಾಗಿನ ಹರ್ಷ, ಸೋತಾಗಿನ ಅಮರ್ಷ ಎರಡೂ ಕಷಾಯಕ್ಕೆ ದಾರಿ. ಅಂದರೆ ಅವರ ಒರೆಗಲ್ಲು ದಾಳವಲ್ಲ, ಆಡಿದವನ ಮನಸ್ಸು.

ಇನ್ನು ಹಿಂಸೆ. ‘ಅದು ಬರೀ ರಟ್ಟು, ಅಜ್ಜಿ’ ಎಂದು ಮಕ್ಕಳು ಹೇಳುತ್ತಾರೆ. ಕವಿ ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯನ್ನು ಕೇಳಿದವರಿಗೆ ಈ ಮಾತು ಎಲ್ಲಿಯೋ ಕೇಳಿದಂತಾದೀತು. ಅದು ಬರೀ ಹಿಟ್ಟು ಎಂದೇ ತಾಯಿ ಚಂದ್ರಮತಿ ಮಗನನ್ನು ಒಪ್ಪಿಸಿದ್ದು. ರಕ್ತ ಸುರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರ ಅಲೆದರು. ಅಮೃತಚಂದ್ರಾಚಾರ್ಯರೂ ಯುದ್ಧ, ಜಯ, ಅಪಜಯಗಳ ವ್ಯರ್ಥ ಚಿಂತನೆಯನ್ನು ಅಪಧ್ಯಾನವೆಂದು, ಅನರ್ಥದಂಡವೆಂದು ಎಚ್ಚರಿಸಿದ್ದಾರೆ. ಹೀಗಿರುವಾಗ ‘ಬರೀ ರಟ್ಟು’ ಎಂಬುದು ಉತ್ತರವಾಗಲಾರದು.

ಹಾಗಾದರೆ ಉತ್ತರವೇನು? ಯಶೋಧರನ ಕೈಯಲ್ಲಿ ಇದ್ದದ್ದು ಹಿಟ್ಟು. ಮನಸ್ಸಿನಲ್ಲಿ ಇದ್ದದ್ದು ಬಲಿಯಿಂದ ಫಲ ಪಡೆಯುವ ಸಂಕಲ್ಪ. ಹುಂಜ ಬದಲಾಯಿತು, ಸಂಕಲ್ಪ ಬದಲಾಗಲಿಲ್ಲ. ಆಟಕ್ಕೂ ಇದನ್ನೇ ಕೇಳಬೇಕು: ಈ ಹುಡುಗ ಯಾವ ಸಂಕಲ್ಪದಿಂದ ಬಿಲ್ಲೆ ಸರಿಸುತ್ತಿದ್ದಾನೆ? ನಾಡನ್ನು ನುಂಗಬೇಕೆಂದೋ, ನಗರವನ್ನು ಕಾಯಬೇಕೆಂದೋ? ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಮ್ಮವರು ವಿಂಗಡಿಸಿದ್ದು ಇದಕ್ಕಾಗಿಯೇ. 1986ರ ಹಾಸಿಗೂ 2022ರ ಹಾಸಿಗೂ ಇರುವ ಅಂತರ ಇಲ್ಲಿ ತಕ್ಕಡಿಯಲ್ಲಿ ಎದ್ದು ಕಾಣುತ್ತದೆ.

ಎರಡನೆಯ ಮಾತು ಇದಕ್ಕಿಂತ ಮುಖ್ಯವಾದುದು. ಯುದ್ಧದಾಟವನ್ನು ಒಂದನ್ನೇ ಆಡಿದರೆ ಸತ್ತ ಬಿಲ್ಲೆಗಳನ್ನು ಪೆಟ್ಟಿಗೆಗೆ ಹಾಕಿ ಮಲಗುತ್ತೇವೆ. ಲೆಕ್ಕ ಅಲ್ಲಿಗೆ ಚುಕ್ತಾ. ಕಥೆಯೊಡನೆ ಕೂಡಿಸಿ ಆಡಿದರೆ ಲೆಕ್ಕ ಹಾಗೆ ಮುಗಿಯುವುದಿಲ್ಲ. ಅಳಿದ ಪಡೆ ಯಾವ ಹಳ್ಳಿಯದೋ ಆ ಹಳ್ಳಿ ಮುಂದಿನ ವಾರದ ಕಥೆಯಲ್ಲಿ ಬರುತ್ತದೆ. ವಿವೇಕಿಯಾದ ಸೂತ್ರಧಾರ ಆ ಮನೆಯ ತಾಯಿಯ ಬಾಯಿಂದ ಒಂದು ಮಾತು ಆಡಿಸುತ್ತಾನೆ. ಆಗ ಹುಡುಗನಿಗೆ ಬಿಲ್ಲೆಯ ಹಿಂದಿನ ಜೀವ ಕಾಣುತ್ತದೆ. ಮುಂದಿನ ಸಲ ಯುದ್ಧಕ್ಕೆ ಮೊದಲು ಸಂಧಿಗೆ ದೂತನನ್ನು ಕಳಿಸಬಹುದೇ ಎಂದು ಯೋಚಿಸುತ್ತಾನೆ. ಚದುರಂಗದಲ್ಲಿ ಆನೆ ಕುದುರೆಗಳಿಗೆ ಸಂಧಿ ಮಾಡುವ ದಾರಿಯಿಲ್ಲ. ಕಥೆಯ ಆಟದಲ್ಲಿ ಬಾಯಿಬಿಟ್ಟು ಹೇಳಿದರೆ ಸಾಕು, ದಾರಿಯುಂಟು. ಮಾಡಿದ ಕರ್ಮದ ಬಾಕಿ ಮುಂದಕ್ಕೆ ಬರುತ್ತದೆಂದು ನಂಬಿದ ಮನೆಯ ಮಕ್ಕಳು ಈ ಆಟದಿಂದ ಕಲಿಯತಕ್ಕದ್ದೇನಾದರೂ ಇದ್ದರೆ ಅದು ಇದೇ.

ಕೊನೆಗೆ ನಮ್ಮದೇ ಪುರಾಣದ ಒಂದು ಎಚ್ಚರ. ಭರತ ಬಾಹುಬಲಿಯರ ಸೈನ್ಯಗಳು ಎದುರಾದಾಗ, ಅಣ್ಣತಮ್ಮಂದಿರ ಜಗಳಕ್ಕೆ ಇಷ್ಟು ಜೀವಗಳೇಕೆ ಬಲಿಯಾಗಬೇಕೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಆದಿಕವಿ ಪಂಪ 941ರಲ್ಲಿ ಕನ್ನಡಿಗರಿಗೆ ಹೇಳಿದ ಕಥೆಯಿದು. ಯುದ್ಧವನ್ನು ಪಂದ್ಯಕ್ಕಿಳಿಸಿ ಸಾವಿರಾರು ಪ್ರಾಣ ಉಳಿಸಿದ ಮಂತ್ರಿಗಳು ಧನ್ಯರು. ಆದರೆ ರಕ್ತವಿಲ್ಲದ ಪಂದ್ಯದಲ್ಲಿಯೂ ಸೋತವನ ಅಮರ್ಷ ಚಕ್ರವಾಗಿ ಸಿಡಿಯಿತು. ಗೆದ್ದವನಿಗೋ ಗೆಲುವೇ ಬೇಡವಾಯಿತು.

ಆದ್ದರಿಂದ ತಾಯಂದಿರು, ಹಿರಿಯರು ಪೆಟ್ಟಿಗೆಯನ್ನು ನೋಡುವುದಕ್ಕಿಂತ ಆಟ ಮುಗಿದ ಮೇಲೆ ಮಕ್ಕಳ ಮುಖವನ್ನು ನೋಡುವುದು ಲೇಸು. ಎಲ್ಲರೂ ಒಂದೇ ಪಕ್ಷವಾಗಿ ಆಡುವ ಆಟವನ್ನೇ ಆಯ್ದುಕೊಳ್ಳಲಿ. ಹಣದ ಸೋಂಕು ಎಂದೂ ಬೇಡ. ಸೂರ್ಯಾಸ್ತದೊಳಗಿನ ಊಟಕ್ಕೆ, ಸ್ವಾಧ್ಯಾಯಕ್ಕೆ ಆಟ ಅಡ್ಡ ಬರದಿರಲಿ; ದಶಲಕ್ಷಣ ಪರ್ವದ ದಿನಗಳಲ್ಲಿ ಹಾಸು ಮಡಿಸಿಯೇ ಇರಲಿ. ಸಾಧ್ಯವಾದರೆ ಮನೆಯ ಹಿರಿಯರೇ ಒಂದು ದಿನ ಸೂತ್ರಧಾರರ ಪಕ್ಕದಲ್ಲಿ ಕುಳಿತು, ‘ಇಲ್ಲಿ ಸಂಧಿಗೆ ದಾರಿಯಿಲ್ಲವೇ?’ ಎಂದು ಕೇಳಲಿ. ಆಡಿ ಎದ್ದ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ನಗುತ್ತ ಉಂಡರೆ ಆ ಆಟ ಮನೆಯಲ್ಲಿ ಇರಲಿ. ಮಾತು ಬಿಟ್ಟು ಮುಖ ತಿರುಗಿಸಿದರೆ, ರಟ್ಟಿನ ಸೈನ್ಯ ಹಿಟ್ಟಿನ ಹುಂಜವಾಯಿತೆಂದು ತಿಳಿದು ಪೆಟ್ಟಿಗೆ ಮುಚ್ಚಿಡಿ.