ಕತ್ತಲೆ ತೋರಿಸಲೂ ಬೆಳಕು ಬೇಕು

ವೈಜ್ಞಾನಿಕ ಕಥೆಯ ಧಾರಾವಾಹಿ ನೋಡುತ್ತ ಕುಳಿತವರು ನಡುವೆ ಎದ್ದು ಟಿ.ವಿ.ಯ ಬೆಳಕು ಹೆಚ್ಚಿಸುವುದು ಈಗ ಮನೆಮನೆಯ ಮಾತು. ಸಂಭಾಷಣೆ ಕೇಳುತ್ತದೆ, ಹೆಜ್ಜೆ ಸಪ್ಪಳವೂ ಕೇಳುತ್ತದೆ. ಯಾರು ಯಾರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಎಂಬುದು ಮಾತ್ರ ಕಾಣುವುದಿಲ್ಲ. ಹುಮನಾಬಾದಿನಂಥ ಬಿಸಿಲೂರಿನಲ್ಲಿ ಬಾಗಿಲು ತೆರೆದ ಪಡಸಾಲೆಯಲ್ಲಿ ಹಗಲು ಹೊತ್ತು ನೋಡುವವರಿಗಂತೂ ಕಥಾನಾಯಕನಿಗಿಂತ ಕಿಟಕಿಯ ಪ್ರತಿಬಿಂಬವೇ ಸ್ಪಷ್ಟ. ಟಿ.ವಿ. ಕೆಟ್ಟಿತೋ, ಕಣ್ಣು ಮಂದವಾಯಿತೋ ಎಂಬ ಅನುಮಾನ ಬೇರೆ.

ಹಿಂದೆ ಹೀಗಿರಲಿಲ್ಲ. 1966ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಕಾಲಕ್ಕೆ ಬಣ್ಣದ ಟಿ.ವಿ. ಹೊಸದು. ಅಂಗಿಗಳೂ ಗೋಡೆಗಳೂ ಝಗಮಗಿಸುತ್ತಿದ್ದವು. 1993ರ 'ಎಕ್ಸ್ ಫೈಲ್ಸ್' ಬೇರೆ ದಾರಿ ಹಿಡಿಯಿತು. ಕಗ್ಗತ್ತಲೆಯಲ್ಲಿ ಟಾರ್ಚ್ ಬೆಳಕಷ್ಟೇ. ಕಾಣದ್ದು ಕಂಡದ್ದಕ್ಕಿಂತ ಹೆಚ್ಚು ಹೆದರಿಸುತ್ತದೆ ಎಂಬುದು ಅದರ ಲೆಕ್ಕ. 2023ರಲ್ಲಿ ಬಂದ 'ಸೈಲೊ' ಕಥೆಯಲ್ಲಿ ಜನರೆಲ್ಲ ನೆಲದಡಿಯಲ್ಲೇ ಬದುಕುವುದರಿಂದ ಕತ್ತಲೆಗೆ ಕಾರಣವೂ ಇದೆ. ಆದರೆ 2019ರಲ್ಲಿ 'ಗೇಮ್ ಆಫ್ ಥ್ರೋನ್ಸ್'ನ ರಾತ್ರಿ ಯುದ್ಧದ ಕಂತು ಪ್ರಸಾರವಾದಾಗ, ಅದು ವೈಜ್ಞಾನಿಕ ಕಥೆಯಲ್ಲದಿದ್ದರೂ, ಏನೂ ಕಾಣಲಿಲ್ಲವೆಂಬ ಇದೇ ದೂರು ಹಲವು ದೇಶಗಳಿಂದ ಕೇಳಿಬಂತು. ಪ್ರೇಕ್ಷಕರಿಗೆ ಟಿ.ವಿ. ಹೊಂದಿಸಿಕೊಳ್ಳಲು ಬರುವುದಿಲ್ಲ ಎಂಬರ್ಥದಲ್ಲಿ ಅದರ ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಉತ್ತರಿಸಿದರು.

ದೂರಿನಲ್ಲಿ ಹುರುಳಿದೆ. ಚಿತ್ರದ ಬಣ್ಣ, ಬೆಳಕು ಅಂತಿಮವಾಗುವುದು ಮಬ್ಬುಗತ್ತಲೆಯ ಕೋಣೆಯಲ್ಲಿ, ದುಬಾರಿ ಪರದೆಯ ಮೇಲೆ. ಅಲ್ಲಿ ಕಂಡ ಸೂಕ್ಷ್ಮ ಛಾಯೆಗಳು ಟ್ಯೂಬ್‌ಲೈಟ್ ಕೆಳಗಿನ ಟಿ.ವಿ.ಯಲ್ಲಿ ಮಾಯವಾಗುತ್ತವೆ. ಸಾಮಾನ್ಯ ಡಿಜಿಟಲ್ ಚಿತ್ರದಲ್ಲಿ ಪ್ರತಿ ಮೂಲ ಬಣ್ಣಕ್ಕೆ ಹೆಚ್ಚೆಂದರೆ 256 ಮೆಟ್ಟಿಲು. ಕಪ್ಪಿನ ಪಾಲಿಗೆ ಬರುವುದು ಕೆಲವೇ. ಇಂಟರ್ನೆಟ್‌ನಲ್ಲಿ ಕಳಿಸಲು ಚಿತ್ರವನ್ನು ಕುಗ್ಗಿಸುವಾಗ ಮೊದಲು ಬಲಿಯಾಗುವುದೂ ಕತ್ತಲೆಯ ವಿವರಗಳೇ. ಆಗ ಕಪ್ಪು ಚೌಕಗಳು ಕುಣಿಯುತ್ತವೆ. ಕಣ್ಣಿನ ಮಿತಿಯೂ ಇದೆ: ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. 60 ದಾಟಿದವರ ಅಕ್ಷಿಪಟಲಕ್ಕೆ ತಲುಪುವುದು 20ರ ಹರೆಯದವರಿಗೆ ಸಿಗುವ ಬೆಳಕಿನ ಸುಮಾರು ಮೂರನೇ ಒಂದು ಪಾಲು. ಮೊಮ್ಮಗನಿಗೆ ಕಂಡದ್ದು ಅಜ್ಜನಿಗೆ ಕಾಣದಿದ್ದರೆ ಅಜ್ಜನ ತಪ್ಪಲ್ಲ.

ಈ ನೆಳಲು-ಬೆಳಕಿನ ಲೆಕ್ಕ ಕಲ್ಯಾಣ ಕರ್ನಾಟಕಕ್ಕೆ ಹೊಸದೇನೂ ಅಲ್ಲ. ತೊಗಲುಗೊಂಬೆ ಆಟದಲ್ಲಿ ದೀಪ ಪರದೆಯ ಹಿಂದೆ, ಕತ್ತಲೆ ಪ್ರೇಕ್ಷಕರ ಸುತ್ತ. ಬೆಳಕು ತೂರುವಷ್ಟು ತೆಳುವಾಗಿ ಹದಮಾಡಿದ ತೊಗಲಾದ್ದರಿಂದ ಗೊಂಬೆಯ ಬಣ್ಣ, ಒಡವೆ ದೂರ ಕುಳಿತವರಿಗೂ ಕಾಣುತ್ತವೆ. ಈ ಕಲೆಗಾಗಿಯೇ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಮನೆಯ ಟಿ.ವಿ.ಯಲ್ಲಿ ಈ ಕ್ರಮ ತಿರುವುಮುರುವಾಗಿದೆ: ಕೋಣೆಯಲ್ಲಿ ಬೆಳಕು, ತೆರೆಯಲ್ಲಿ ಕತ್ತಲೆ.

ಮೈಸೂರಿನ ವಿ.ಕೆ. ಮೂರ್ತಿ ಅವರೂ ಕತ್ತಲೆಯನ್ನು ಧಾರಾಳವಾಗಿ ಬಳಸಿದವರೇ. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕನ್ನಡಿಗಳಿಂದ ಸೂರ್ಯನ ಕಿರಣವನ್ನೇ ಸ್ಟುಡಿಯೋದೊಳಕ್ಕೆ ತಿರುಗಿಸಿದರು. ಸುತ್ತ ಕತ್ತಲಿದ್ದರೂ ನೋಡಬೇಕಾದದ್ದು ಕಾಣುತ್ತಿತ್ತು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಅವರು, ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ.

ನೋಡುಗರು ಮಾಡಬಹುದಾದದ್ದು ಸ್ವಲ್ಪವಿದೆ. ಟಿ.ವಿ.ಯನ್ನು ಕಿಟಕಿಗೆ ಎದುರಾಗಿ ಇಡಬಾರದು. ವಿದ್ಯುತ್ ಉಳಿತಾಯದ ಗುಂಡಿ ತೆರೆಯನ್ನು ಮಂಕಾಗಿಸುತ್ತದೆ; ಅದನ್ನು ಆರಿಸಬೇಕು. ರಾತ್ರಿ ಟ್ಯೂಬ್‌ಲೈಟ್ ಆರಿಸಿ, ಟಿ.ವಿ.ಯ ಹಿಂದೆ ಸಣ್ಣ ದೀಪ ಇಟ್ಟರೆ ಕಣ್ಣಿಗೂ ಹಿತ. ಉಳಿದ ಹೊಣೆ ತಯಾರಕರದು. ತಾವು ತೆಗೆದ ಚಿತ್ರವನ್ನು ಸಾಧಾರಣ ಟಿ.ವಿ.ಯಲ್ಲಿ, ದೀಪ ಹಚ್ಚಿದ ಕೋಣೆಯಲ್ಲಿ ಒಮ್ಮೆ ನೋಡಿ ಬಿಡುಗಡೆ ಮಾಡಿದರೆ ಅರ್ಧ ದೂರು ಅಲ್ಲಿಯೇ ತೀರುತ್ತದೆ.